ಬಾಯಿ ಬಿಟ್ಟು ಹೇಳಬೇಕಾದ ಕಾಯಿಲೆ: ಅಡ್ರಿನಲ್ ಗ್ರಂಥಿಯ ಕೊರತೆ



ಕಳೆದ ಮಳೆಗಾಲದ ಒಂದು ರಾತ್ರಿ ಹತ್ತೂವರೆ ಗಂಟೆಗೆ ನಮಗೆ ಕರೆ ಬಂತು. ನಮ್ಮ ಧರ್ಮಕೇಂದ್ರದ ಅಡಿಕೆ ಕೃಷಿಕರೊಬ್ಬರನ್ನು ವಾಂತಿಭೇದಿಯೆಂದು ಆಸ್ಪತ್ರೆಗೆ ಸೇರಿಸಿದ್ದರು. ಸ್ಥಿತಿ ಗಂಭೀರವಾಗಿದೆ, ವ್ಯಾಧಿಸ್ಥರ ಅಭ್ಯಂಗ ಕೊಡಲು ಕೂಡಲೇ ಬರಬೇಕು ಎಂದು ಮನೆಯವರು ಕೇಳಿಕೊಂಡರು. ನಾವು ತಲಪುವಾಗ ಅವರಿಗೆ ಸರಿಯಾದ ಪ್ರಜ್ಞೆ ಇರಲಿಲ್ಲ. ಎರಡು ಬಾಟಲಿ ಡ್ರಿಪ್ ಹಾಕಿದರೂ ರಕ್ತದೊತ್ತಡ ಏರಿರಲಿಲ್ಲ. ಅವರ ಹೆಂಡತಿ ಕೈಯಲ್ಲಿ ಒಂದು ಮಡಚಿದ ಚೀಟಿ ಹಿಡಿದುಕೊಂಡು, ಎದುರು ಸಿಕ್ಕಿದವರಿಗೆಲ್ಲ, "ಇವರಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಿ, ಅದಿಲ್ಲದಿದ್ದರೆ ಇವರು ಉಳಿಯುವುದಿಲ್ಲ" ಎಂದು ಹೇಳುತ್ತಿದ್ದರು. ಎರಡು ಸಲ ಅವರನ್ನು ಹೊರಗೆ ಕಳುಹಿಸಿದ್ದರಂತೆ.

ನಾವೂ ಅವರನ್ನು ಬದಿಗೆ ಕರೆದು, "ಅಮ್ಮಾ, ಡಾಕ್ಟರರ ಕೆಲಸ ಡಾಕ್ಟರರು ಮಾಡಲಿ. ನೀವು ಜಪಸರ ಹಿಡಿದು ಪ್ರಾರ್ಥನೆ ಮಾಡಿ" ಎಂದೆವು.

"ಪ್ರಾರ್ಥನೆ ಮಾಡುತ್ತಲೇ ಇದ್ದೇನೆ ಫಾದರ್, ಇಂಜೆಕ್ಷನ್ ಕೂಡ ಬೇಕು" ಎಂದರು ಅವರು. ಮತ್ತೆ ಬಾಗಿಲಿಗೆ ಹೋಗಿ ನಿಂತರು.

ರಾತ್ರಿ ಪಾಳಿಗೆ ಬಂದ ಯುವ ಡಾಕ್ಟರೊಬ್ಬರು ಆ ಚೀಟಿಯನ್ನು ತೆಗೆದುಕೊಂಡು ಓದಿದರು. ಕೂಡಲೇ ಒಳಗೆ ಹೋಗಿ 100 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಕೊಡಿಸಿದರು. ಬೆಳಗಾಗುವಾಗ ರೋಗಿ ಎದ್ದು ಕುಳಿತು ಗಂಜಿ ಕೇಳಿದರು.

ನಾವು ಮನೆಗೆ ಬಂದು ಮಾರ್ಕನ ಶುಭಸಂದೇಶದ 10ನೇ ಅಧ್ಯಾಯವನ್ನು ತೆರೆದೆವು. ಜೆರಿಕೋ ಪಟ್ಟಣದ ದಾರಿಬದಿಯಲ್ಲಿ ಕುಳಿತಿದ್ದ ಕುರುಡ ಬಾರ್ತಿಮಾಯ ಯೇಸುಸ್ವಾಮಿಯನ್ನು ಕೂಗಿ ಕರೆದಾಗ, ಸುಮ್ಮನಿರೆಂದು ಅವನನ್ನು ಗದರಿಸಿದ ಜನರಿದ್ದರಲ್ಲ, ಆ ರಾತ್ರಿ ನಾವು ಅವರ ಸಾಲಿನಲ್ಲಿ ನಿಂತಿದ್ದೆವು. ಈ ಲೇಖನವನ್ನು ಆ ಮನೆಯವರ ಒಪ್ಪಿಗೆ ಪಡೆದು, ತಿಳಿದ ಡಾಕ್ಟರರಲ್ಲಿ ವಿಚಾರಿಸಿ ಬರೆದಿದ್ದೇವೆ. ಇದು ಔಷಧಿ ಚೀಟಿ ಅಲ್ಲ. ನಿಮ್ಮ ಡಾಕ್ಟರರು ಬರೆದುಕೊಟ್ಟ ಪ್ರಮಾಣವೇ ನಿಮಗೆ ಪ್ರಮಾಣ.

ಗ್ರಂಥಿಯ ಕೆಲಸ ಏನು?

ನಮ್ಮ ಎರಡು ಕಿಡ್ನಿಗಳ ತಲೆಯ ಮೇಲೆ ಟೊಪ್ಪಿಯಂತೆ ಎರಡು ಚಿಕ್ಕ ಗ್ರಂಥಿಗಳಿವೆ. ಅವುಗಳಿಗೆ ಅಡ್ರಿನಲ್ ಗ್ರಂಥಿಗಳೆಂದು ಹೆಸರು. ಅವು ತಯಾರಿಸುವ ರಸಗಳಲ್ಲಿ ಕಾರ್ಟಿಸೋಲ್ ಮುಖ್ಯವಾದದ್ದು. ರಕ್ತದೊತ್ತಡ ಮತ್ತು ರಕ್ತದ ಸಕ್ಕರೆ ಇಳಿಯದಂತೆ ಕಾಯುವುದು, ಜ್ವರ, ಪೆಟ್ಟು, ಶಸ್ತ್ರಚಿಕಿತ್ಸೆಗಳನ್ನು ತಾಳಿಕೊಳ್ಳುವ ಶಕ್ತಿ ಕೊಡುವುದು ಇದರ ಕೆಲಸ. ಆಲ್ಡೊಸ್ಟೆರೋನ್ ಎಂಬ ಇನ್ನೊಂದು ರಸ ದೇಹದಲ್ಲಿ ಉಪ್ಪನ್ನು ಹಿಡಿದಿಡುತ್ತದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಕಾರ್ಟಿಸೋಲ್ ಎಷ್ಟು ಬೇಕೆಂದು ಅಪ್ಪಣೆ ಕೊಡುತ್ತದೆ.

ನಮ್ಮ ತೋಟದ ಮಾತಿನಲ್ಲಿ ಹೇಳುವುದಾದರೆ, ಇದು ನೀರಾವರಿಯ ಹಾಗೆ. ಮಾಮೂಲಿ ದಿನಕ್ಕೆ ಒಂದು ಲೆಕ್ಕದ ನೀರು ಸಾಕು. ಏಪ್ರಿಲ್ ತಿಂಗಳ ಬಿಸಿಲಿಗೆ ಹೆಚ್ಚು ಬೇಕು. ಆರೋಗ್ಯವಂತರ ದೇಹದಲ್ಲಿ ಈ ವಾಲ್ವ್ ತಾನಾಗಿ ತೆರೆದುಕೊಳ್ಳುತ್ತದೆ. ಜ್ವರ ಬಂದರೆ ಗ್ರಂಥಿಯು ಹಲವು ಪಾಲು ಹೆಚ್ಚು ಕಾರ್ಟಿಸೋಲನ್ನು ಕೊಡುತ್ತದೆ. ಈ ಕಾಯಿಲೆಯವರಲ್ಲಿ ವಾಲ್ವ್ ಕೆಟ್ಟಿದೆ. ದಿನದ ಲೆಕ್ಕವನ್ನು ಮಾತ್ರೆಯಿಂದ ಕೊಡಬೇಕು. ಕಷ್ಟದ ದಿನ ಹೆಚ್ಚಿನದನ್ನು ಯಾರಾದರೂ ಕೈಯಿಂದಲೇ ತೆರೆದು ಕೊಡಬೇಕು. ತೆರೆಯುವವರಿಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ರಕ್ತದೊತ್ತಡ ಕುಸಿದು ಪ್ರಾಣ ಹೋಗಬಹುದು.

1855ರಲ್ಲಿ ಲಂಡನಿನ ಗೈಸ್ ಆಸ್ಪತ್ರೆಯ ಥಾಮಸ್ ಆಡಿಸನ್ ಎಂಬ ವೈದ್ಯರು ಈ ಕಾಯಿಲೆಯನ್ನು ಮೊದಲು ವಿವರಿಸಿದರು. ಅದಕ್ಕಾಗಿ, ಅಡ್ರಿನಲ್ ಗ್ರಂಥಿಯೇ ಹಾಳಾಗುವ ಬಗೆಗೆ ಆಡಿಸನ್ ಕಾಯಿಲೆ ಎನ್ನುತ್ತಾರೆ. ಆಗ ಇದಕ್ಕೆ ಮದ್ದು ಇರಲಿಲ್ಲ. ಈ ಗ್ರಂಥಿಯ ರಸಗಳನ್ನು ಕಂಡುಹಿಡಿದು ಮದ್ದಾಗಿಸಿದ ಕೆಂಡಾಲ್, ಹೆಂಚ್, ರೈಖ್‌ಸ್ಟೈನ್ ಎಂಬ ಮೂವರಿಗೆ 1950ರಲ್ಲಿ ನೊಬೆಲ್ ಬಹುಮಾನ ಬಂತು. ಇಂದು ಈ ಕಾಯಿಲೆಯವರು ತೋಟ ನೋಡಿಕೊಂಡು, ಮಕ್ಕಳ ಮದುವೆ ಮಾಡಿಸಿ, ಎಲ್ಲರಂತೆ ಬಾಳಬಹುದು.

ಯಾರಿಗೆ ಬರುತ್ತದೆ?

ಇದು ಎಲ್ಲಿಯೋ ಇರುವವರ ಕಾಯಿಲೆ ಎಂದುಕೊಳ್ಳಬೇಡಿ. ಕೃಷಿಕರ ಮನೆಗೆ ಇದು ಬರುವ ದಾರಿಗಳು ಹಲವು.

ಒಂದು, ಸ್ಟೀರಾಯ್ಡ್ ಮಾತ್ರೆಯಿಂದ. ದಮ್ಮಿಗೆ, ಗಂಟುನೋವಿಗೆ, ಚರ್ಮದ ತುರಿಕೆಗೆ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಮುಂತಾದ ಮಾತ್ರೆಗಳನ್ನು ಮೂರು ನಾಲ್ಕು ವಾರಗಳಿಗಿಂತ ಹೆಚ್ಚು ಕಾಲ ತೆಗೆದುಕೊಂಡರೆ ನಮ್ಮ ಗ್ರಂಥಿ ಕೆಲಸ ಬಿಟ್ಟು ಮಲಗಬಹುದು. ಆಮೇಲೆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ದೇಹಕ್ಕೆ ಎರಡೂ ಕಡೆಯಿಂದ ಇಲ್ಲದಂತಾಗುತ್ತದೆ. ಹಳೆಯ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಿಂದ ವರ್ಷಗಟ್ಟಲೆ ಮಾತ್ರೆ ತರುವವರು, ಹೆಸರಿಲ್ಲದ ಪುಡಿ ನುಂಗಿ "ಗಂಟುನೋವು ಒಂದೇ ದಿನದಲ್ಲಿ ಹೋಯಿತು" ಎನ್ನುವವರು ನಮ್ಮಲ್ಲಿ ಇದ್ದಾರೆ. ಅಂತಹ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಹೀಗೆ ತೆಗೆದುಕೊಳ್ಳುತ್ತಿರುವವರು ಹೆದರಿ ಇಂದೇ ನಿಲ್ಲಿಸಬೇಡಿ. ಡಾಕ್ಟರರಿಗೆ ಹೇಳಿ, ಅವರು ಹೇಳಿದಂತೆ ನಿಧಾನವಾಗಿ ಇಳಿಸಿ.

ಎರಡು, ಹಾವಿನ ಕಡಿತದಿಂದ. ಕೊಳಕುಮಂಡಲ ಕಚ್ಚಿದವರಲ್ಲಿ ಕೆಲವರಿಗೆ ವಿಷದಿಂದಾಗಿ ಪಿಟ್ಯುಟರಿ ಗ್ರಂಥಿ ಹಾಳಾಗುತ್ತದೆ. ಇದು ಕೂಡಲೇ ತಿಳಿಯಬಹುದು, ಇಲ್ಲವೇ ತಿಂಗಳು, ವರ್ಷಗಳ ಬಳಿಕ ತಿಳಿಯಬಹುದು. ಮೇಲೆ ಹೇಳಿದ ನಮ್ಮ ಕೃಷಿಕರಿಗೆ ಆದದ್ದು ಇದೇ. ತೋಟದಲ್ಲಿ ಹುಲ್ಲು ಹೆರೆಯುವಾಗ ಹಾವು ಕಚ್ಚಿತ್ತು. ಬದುಕಿ ಬಂದರು, ಮನೆಯವರು ಪೂಜೆ ಹೇಳಿಸಿದರು. ಮತ್ತೆ ನಾಲ್ಕು ವರ್ಷ ಅವರಿಗೆ ಕೆಲಸ ಸಾಗಲಿಲ್ಲ. ಊರು "ಹಾವಿನ ನೆಪದಲ್ಲಿ ಸೋಮಾರಿಯಾದ" ಎಂದು ಆಡಿಕೊಂಡಿತು.

ಮೂರು, ಹೆರಿಗೆಯಿಂದ. ಹೆರಿಗೆಯ ಸಮಯದಲ್ಲಿ ವಿಪರೀತ ರಕ್ತ ಹೋದರೆ ಪಿಟ್ಯುಟರಿಗೆ ರಕ್ತ ಸಾಲದೆ ಅದು ಸಾಯಬಹುದು. ಎದೆಹಾಲು ಬಾರದಿರುವುದು, ಮತ್ತೆ ಮುಟ್ಟು ಆಗದಿರುವುದು, ವರ್ಷಗಟ್ಟಲೆ ನಿಶ್ಶಕ್ತಿ ಇದರ ಗುರುತುಗಳು. ಇದಕ್ಕೆ ಶೀಹಾನ್ ಕಾಯಿಲೆ ಎಂದು ಹೆಸರು. ಹಳೆಯ ಕಾಲದ ಮನೆ ಹೆರಿಗೆಯ ತಾಯಂದಿರಲ್ಲಿ ಹತ್ತಿಪ್ಪತ್ತು ವರ್ಷಗಳ ನಂತರವೂ ಇದು ಬೆಳಕಿಗೆ ಬರುತ್ತದೆ.

ನಾಲ್ಕು, ಅಡ್ರಿನಲ್ ಗ್ರಂಥಿಗೇ ಏಟು ಬೀಳುವುದರಿಂದ. ದೇಹದ ರಕ್ಷಣಾ ಶಕ್ತಿಯೇ ತಿರುಗಿ ಗ್ರಂಥಿಯನ್ನು ತಿನ್ನುವುದುಂಟು. ನಮ್ಮ ದೇಶದಲ್ಲಿ ಕ್ಷಯರೋಗವೂ, ಹಿಸ್ಟೊಪ್ಲಾಸ್ಮಾ ಎಂಬ ಶಿಲೀಂಧ್ರದ ಸೋಂಕೂ ಇಂದಿಗೂ ಗಮನಿಸಬೇಕಾದ ಕಾರಣಗಳು.

ಗುರುತು ಹಿಡಿಯುವುದು ಹೇಗೆ?

ಬಳಲಿಕೆ, ಹಸಿವಿಲ್ಲದಿರುವುದು, ತೂಕ ಇಳಿಯುವುದು, ಕುಳಿತು ಏಳುವಾಗ ಕಣ್ಣು ಕತ್ತಲೆ ಬರುವುದು, ಓಕರಿಕೆ, ಹೊಟ್ಟೆನೋವು. ಆಡಿಸನ್ ಕಾಯಿಲೆಯಲ್ಲಿ ಇದರೊಂದಿಗೆ ಉಪ್ಪು ತಿನ್ನುವ ಆಸೆ ಹೆಚ್ಚುತ್ತದೆ, ಮೈ ಕಪ್ಪಾಗುತ್ತದೆ. ಕೃಷಿಕರಲ್ಲಿ ತೊಡಕು ಇಲ್ಲಿಯೇ. ದುಡಿಯುವವನಿಗೆ ಆಯಾಸ ಸಹಜ, ಬಿಸಿಲಿಗೆ ಮೈ ಕಪ್ಪಾಗುವುದೂ ಸಹಜ ಎಂದು ಯಾರೂ ಲಕ್ಷ್ಯ ಕೊಡುವುದಿಲ್ಲ. ಬಿಸಿಲು ಒಸಡನ್ನು ಕಪ್ಪು ಮಾಡುವುದಿಲ್ಲ ಎಂಬುದನ್ನು ನೆನಪಿಡಿ. ಒಸಡು, ಬಾಯಿಯ ಒಳಭಾಗ, ಅಂಗೈಯ ಗೆರೆ, ಹಳೆಯ ಗಾಯದ ಕಲೆ ಹೊಸದಾಗಿ ಕಪ್ಪಾಗುತ್ತಿದ್ದರೆ ಡಾಕ್ಟರರಿಗೆ ತೋರಿಸಿ. ಪಿಟ್ಯುಟರಿ ಹಾಳಾದವರಲ್ಲಿ ಮಾತ್ರ ಮೈ ಕಪ್ಪಾಗುವುದಿಲ್ಲ.

ಬೆಳಿಗ್ಗೆ 8ರಿಂದ 9 ಗಂಟೆಯೊಳಗೆ ರಕ್ತ ತೆಗೆದು ಕಾರ್ಟಿಸೋಲ್ ಅಳೆಯುವುದು ಮೊದಲ ಪರೀಕ್ಷೆ. ಬೆಳಗ್ಗೆ ಅದು ಅತಿ ಹೆಚ್ಚು ಇರಬೇಕಾದ ಹೊತ್ತು. ಸಾಕಷ್ಟು ಸಲ "ಗ್ಯಾಸ್ಟ್ರಿಕ್", "ರಕ್ತ ಕಡಿಮೆ" ಎಂದು ಮಾತ್ರೆ ತಿಂದು ಗುಣವಾಗದವರು, "ನನಗೆ ಇಂಥ ವರ್ಷ ಹಾವು ಕಚ್ಚಿತ್ತು", "ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿತ್ತು", "ಇಷ್ಟು ತಿಂಗಳು ದಮ್ಮಿನ ಮಾತ್ರೆ ತಿಂದಿದ್ದೆ" ಎಂಬ ಹಳೆಯ ಸಂಗತಿಯನ್ನು ತಾವಾಗಿ ಹೇಳಬೇಕು. ಡಾಕ್ಟರರು ಕೇಳದಿದ್ದರೂ ಹೇಳಬೇಕು. ಆ ಒಂದು ಮಾತಿನಿಂದ ಅವರ ಆಲೋಚನೆಯ ದಿಕ್ಕು ಬದಲಾಗಬಹುದು.

ದಿನದ ಮಾತ್ರೆ, ಜ್ವರದ ದಿನದ ನಿಯಮ

ಸಾಮಾನ್ಯವಾಗಿ ದೊಡ್ಡವರಿಗೆ ದಿನಕ್ಕೆ 15ರಿಂದ 25 ಮಿಲಿಗ್ರಾಂ ಹೈಡ್ರೊಕಾರ್ಟಿಸೋನನ್ನು ಎರಡು ಮೂರು ಪಾಲು ಮಾಡಿ ಕೊಡುತ್ತಾರೆ. ದೊಡ್ಡ ಪಾಲು ಎದ್ದ ಕೂಡಲೇ. ಕೆಲವರಿಗೆ ಪ್ರೆಡ್ನಿಸೊಲೋನ್ ಕೊಡುತ್ತಾರೆ. ಆಡಿಸನ್ ಕಾಯಿಲೆಯವರಿಗೆ ಉಪ್ಪು ಹಿಡಿದಿಡುವ ಫ್ಲುಡ್ರೊಕಾರ್ಟಿಸೋನ್ ಕೂಡ ಬೇಕು. "ಸ್ಟೀರಾಯ್ಡ್ ಒಳ್ಳೆಯದಲ್ಲ, ಬಿಟ್ಟುಬಿಡು" ಎಂದು ನೆಂಟರು ಹೇಳುವುದುಂಟು. ಅತಿಯಾದ ಸ್ಟೀರಾಯ್ಡ್ ಕೆಡುಕು ಮಾಡುವುದು ನಿಜ. ಆದರೆ ಇವರು ತೆಗೆದುಕೊಳ್ಳುವುದು ದೇಹ ತಾನೇ ಮಾಡಬೇಕಾಗಿದ್ದ ಲೆಕ್ಕವನ್ನು ಮಾತ್ರ. ಇದು ಅವರಿಗೆ ಅನ್ನದಂತೆ. ಒಂದು ದಿನವೂ ಬಿಡಬಾರದು.

ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ ನಮ್ಮ ಥರ್ಮಾಮೀಟರಿನ 100.4 ದಾಟಿದರೆ ಹೈಡ್ರೊಕಾರ್ಟಿಸೋನನ್ನು ಇಮ್ಮಡಿ ಮಾಡಬೇಕು. 39 ಡಿಗ್ರಿ, ಅಂದರೆ 102.2 ದಾಟಿದರೆ ಮುಮ್ಮಡಿ. ಜ್ವರ ಇಳಿಯುವವರೆಗೆ, ಸಾಮಾನ್ಯವಾಗಿ ಎರಡು ಮೂರು ದಿನ, ಹೀಗೆ ಮುಂದುವರಿಸಿ ಮತ್ತೆ ಮೊದಲಿನ ಲೆಕ್ಕಕ್ಕೆ ಬರಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಇಲಿಜ್ವರ, ಡೆಂಗ್ಯೂ ಸಾಮಾನ್ಯವಾದುದರಿಂದ ಮಾತ್ರೆ ಹೆಚ್ಚಿಸಿ ಮನೆಯಲ್ಲಿ ಮಲಗಿದರೆ ಸಾಲದು, ಜ್ವರದ ಕಾರಣವನ್ನೂ ನೋಡಿಸಬೇಕು.

ಮಾತ್ರೆ ನುಂಗಿ ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಮ್ಮೆ ನುಂಗಬೇಕು. ಅದೂ ವಾಂತಿಯಾದರೆ ಮತ್ತೆ ಮಾತ್ರೆಯ ಹಿಂದೆ ಹೋಗಬಾರದು. ಅದು ಇಂಜೆಕ್ಷನಿನ ಹೊತ್ತು. ನಮ್ಮ ಕೃಷಿಕರು ಎಡವಿದ್ದು ಇಲ್ಲಿಯೇ. ಬೆಳಗ್ಗಿನಿಂದ ವಾಂತಿಯಾಗುತ್ತಿದ್ದರೂ, "ಸಂಜೆಗೆ ಸರಿಯಾದೀತು" ಎಂದು ಓಮದ ಕಷಾಯ ಕುಡಿದು ಮಲಗಿದ್ದರು.

ಹೈಡ್ರೊಕಾರ್ಟಿಸೋನ್ 100 ಮಿಲಿಗ್ರಾಂ ಪುಡಿಯ ಬಾಟಲಿ, ಅದನ್ನು ಕರಗಿಸುವ ನೀರು, ಸಿರಿಂಜ್ ಇವುಗಳನ್ನು ಡಾಕ್ಟರರಿಂದ ಬರೆಸಿಕೊಂಡು ಮನೆಯಲ್ಲಿಡಬೇಕು. ಬೆಲೆ ಹೆಚ್ಚಲ್ಲ. ಒಲೆಯ ಹತ್ತಿರ, ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ. ಹೊರತೊಡೆಯ ಮಧ್ಯಭಾಗಕ್ಕೆ ಚುಚ್ಚುವುದನ್ನು ಮನೆಯ ಇಬ್ಬರಾದರೂ ನರ್ಸಮ್ಮನವರಿಂದ ಕಲಿಯಬೇಕು. ಅವಧಿ ಮುಗಿದ ಬಾಟಲಿಯಲ್ಲಿ ಕರಗಿಸಿ ಎಳೆಯುವ ಅಭ್ಯಾಸ ಮಾಡಬೇಕು. ಚುಚ್ಚಿದ ಮೇಲೆ ಆಸ್ಪತ್ರೆಗೆ ಹೋಗಲೇಬೇಕು. ಮಕ್ಕಳಿಗೆ ಎಷ್ಟು ಎಂಬುದನ್ನು ಡಾಕ್ಟರರಿಂದ ಮೊದಲೇ ಬರೆಸಿಕೊಳ್ಳಿ. "ಕೊಡುವುದೋ ಬೇಡವೋ" ಎಂಬ ಸಂಶಯ ಬಂದರೆ ಕೊಡುವುದೇ ಸರಿ. ಬೇಡದಿದ್ದರೂ ಕೊಟ್ಟ ಒಂದು ಇಂಜೆಕ್ಷನಿನಿಂದ ಹಾನಿಯಿಲ್ಲ, ಬೇಕಾದಾಗ ಕೊಡದಿದ್ದರೆ ಜೀವಕ್ಕೇ ಅಪಾಯ.

ತೋಟದ ಕೆಲಸದ ಬಗ್ಗೆ ಒಂದೆರಡು ಮಾತು. ತಲೆ ತಿರುಗುವ ದಿನ ಮರ ಹತ್ತಬೇಡಿ, ಕೊನೆ ತೆಗೆಯುವುದಾಗಲಿ ಮದ್ದು ಬಿಡುವುದಾಗಲಿ ನಾಳೆಗಿರಲಿ. ಆಡಿಸನ್ ಕಾಯಿಲೆಯವರು ಬೆವರು ಹರಿಯುವ ದಿನ ಉಪ್ಪು ಹಾಕಿದ ಗಂಜಿನೀರು, ಮಜ್ಜಿಗೆ ಧಾರಾಳ ಕುಡಿಯಬೇಕು. ಪಕ್ಕದ ಮನೆಯ ಬಿ.ಪಿ. ರೋಗಿಯನ್ನು ನೋಡಿ ಉಪ್ಪು ಬಿಡಬಾರದು. ಬಿದ್ದು ಎಲುಬು ಮುರಿದರೆ, ಹಲ್ಲು ಕೀಳಿಸುವುದಿದ್ದರೆ, ಹೆರಿಗೆ, ಆಪರೇಶನ್ ಇದ್ದರೆ ಹೆಚ್ಚಿನ ಲೆಕ್ಕ ಬೇಕೆಂದು ಮೊದಲೇ ಹೇಳಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮದ್ದು ದೇಹದಲ್ಲಿ ಹೈಡ್ರೊಕಾರ್ಟಿಸೋನನ್ನು ಬೇಗ ಖರ್ಚು ಮಾಡಿಬಿಡುತ್ತದೆ. ಥೈರಾಯ್ಡ್ ಮಾತ್ರೆಯನ್ನು ಸ್ಟೀರಾಯ್ಡಿಗಿಂತ ಮೊದಲೇ ಆರಂಭಿಸಿದರೆ ಅಪಾಯವಾಗಬಹುದು. ಯಾವ ಹೊಸ ಮದ್ದು ಬರೆದರೂ ನಿಮ್ಮ ಕಾಯಿಲೆಯ ಹೆಸರನ್ನು ಹೇಳಿಯೇ ತೆಗೆದುಕೊಳ್ಳಿ.

ಆಸ್ಪತ್ರೆಯ ಬಾಗಿಲಲ್ಲಿ

ಇದು ಅಪರೂಪದ ಕಾಯಿಲೆ. ರಾತ್ರಿ ಪಾಳಿಯ ಡಾಕ್ಟರರು ಇದನ್ನು ಪುಸ್ತಕದಲ್ಲಿ ಓದಿರಬಹುದು, ಕಣ್ಣಾರೆ ಕಂಡಿರಲಿಕ್ಕಿಲ್ಲ. ಅವರ ಮುಂದೆ ಹತ್ತು ಮಂದಿ ವಾಂತಿಯ ರೋಗಿಗಳಿರುತ್ತಾರೆ. ಹತ್ತರಲ್ಲಿ ಈ ಒಬ್ಬ ಬೇರೆ ಎಂದು ಹೇಳುವವರು ಯಾರು? ರೋಗಿ ಮತ್ತು ಮನೆಯವರು ಮಾತ್ರ. ರೋಗಿಗೆ ಪ್ರಜ್ಞೆ ತಪ್ಪಿದರೆ ಮನೆಯವರು ಮಾತ್ರ.

ಆದ್ದರಿಂದ ಮೊದಲ ಮಾತೇ ಇದಾಗಿರಲಿ: "ಇವರಿಗೆ ಅಡ್ರಿನಲ್ ಗ್ರಂಥಿಯ ಕೊರತೆ ಇದೆ. ದಿನಾ ಸ್ಟೀರಾಯ್ಡ್ ಮಾತ್ರೆಯ ಮೇಲೆ ಬದುಕಿದ್ದಾರೆ. ಮಾತ್ರೆ ನಿಲ್ಲುತ್ತಿಲ್ಲ. ಹೈಡ್ರೊಕಾರ್ಟಿಸೋನ್ 100 ಮಿಲಿಗ್ರಾಂ ಮತ್ತು ಸಲೈನ್ ಕೂಡಲೇ ಬೇಕು." ವಾಂತಿಯ ಕಥೆ, ನಿನ್ನೆಯ ಊಟದ ಕಥೆ ಆಮೇಲೆ. ರಕ್ತಪರೀಕ್ಷೆಯ ಫಲಿತಾಂಶಕ್ಕಾಗಿ ಈ ಇಂಜೆಕ್ಷನನ್ನು ತಡೆಹಿಡಿಯಬಾರದೆಂಬುದು ವೈದ್ಯಕೀಯದಲ್ಲಿ ಒಪ್ಪಿದ ನಿಯಮ.

ಒಪ್ಪದಿದ್ದರೆ ಜಗಳ ಮಾಡಬೇಡಿ, ಬಾಗಿಲನ್ನೂ ಬಿಡಬೇಡಿ. ನಿಮ್ಮ ಖಾಯಂ ಡಾಕ್ಟರರಿಗೆ ಫೋನು ಮಾಡಿ ಅವರ ಕೈಗೆ ಕೊಡಿ. ಹಿರಿಯ ಡಾಕ್ಟರರನ್ನು ಕರೆಸಲು ವಿನಂತಿಸಿ. "ನಾವು ಹೇಳಿದ್ದನ್ನು ದಯವಿಟ್ಟು ಕೇಸ್ ಶೀಟಿನಲ್ಲಿ ಬರೆಯಿರಿ" ಎಂದು ಮರ್ಯಾದೆಯಿಂದ ಕೇಳಿ. ಬರೆಯುವಾಗ ಯಾರಾದರೂ ಇನ್ನೊಮ್ಮೆ ಯೋಚಿಸುತ್ತಾರೆ.

ಬಾಯಿಮಾತಿಗಿಂತ ಚೀಟಿಗೆ ಬೆಲೆ ಹೆಚ್ಚು. ರೋಗಿಯ ಹೆಸರು, ಕಾಯಿಲೆ, ದಿನದ ಮಾತ್ರೆ, ತುರ್ತಿನ ಇಂಜೆಕ್ಷನ್, ಡಾಕ್ಟರರ ಹೆಸರು, ಫೋನ್ ನಂಬರು ಇವನ್ನೆಲ್ಲ ಒಂದು ಕಾರ್ಡಿನಲ್ಲಿ ಬರೆಸಿ ಡಾಕ್ಟರರ ಸಹಿ ಹಾಕಿಸಿ. ಬ್ರಿಟನಿನಲ್ಲಿ 2020ರಿಂದ ಇಂತಹ ರೋಗಿಗಳಿಗೆ ಸ್ಟೀರಾಯ್ಡ್ ತುರ್ತು ಕಾರ್ಡನ್ನು ಕೊಡುತ್ತಿದ್ದಾರೆ. ನಾವು ಅದನ್ನು ಕಾಯಬೇಕಾಗಿಲ್ಲ, ನಮ್ಮ ಕಾರ್ಡನ್ನು ನಾವೇ ಮಾಡಿಕೊಳ್ಳಬಹುದು.

ಗಡಿಯವರಾದ ನಮಗೆ ಇಲ್ಲಿ ಇನ್ನೊಂದು ಕಷ್ಟವಿದೆ. ಮನೆಯಲ್ಲಿ ಕೊಂಕಣಿ, ತೋಟದಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಕಾಸರಗೋಡಿನ ಆಸ್ಪತ್ರೆಯಲ್ಲಿ ಮಲಯಾಳ ಮಾತ್ರ ಬಲ್ಲ ಡಾಕ್ಟರರಿರಬಹುದು, ಮಂಗಳೂರಿಗೆ ಹೋದರೆ ಮಲಯಾಳದ ಚೀಟಿ ಓದುವವರು ಸಿಗದಿರಬಹುದು. ಗಾಬರಿಯಲ್ಲಿ ನಮಗೆ ನಮ್ಮ ಭಾಷೆಯೂ ಮರೆತುಹೋಗುತ್ತದೆ. ಆದ್ದರಿಂದ ಕಾರ್ಡು ಇಂಗ್ಲಿಷ್, ಮಲಯಾಳ, ಕನ್ನಡ ಮೂರರಲ್ಲೂ ಇರಲಿ. ಬರೆಸಲು ಕಷ್ಟವಾದವರು ಡಾಕ್ಟರರ ಚೀಟಿಯೊಂದಿಗೆ ನಮ್ಮ ಕಚೇರಿಗೆ ಬನ್ನಿ, ಬರೆದುಕೊಡುತ್ತೇವೆ.

ಮಾತ್ರೆಯ ದಾಸ್ತಾನಿನ ವಿಷಯದಲ್ಲೂ ಗಡಿಯನ್ನು ಮರೆಯಬಾರದು. 2020ರ ಮಾರ್ಚಿನಲ್ಲಿ ಕೊರೊನಾ ಕಾಲದಲ್ಲಿ ಕರ್ನಾಟಕವು ಗಡಿರಸ್ತೆಗಳಿಗೆ ಮಣ್ಣು ಹಾಕಿ ಮುಚ್ಚಿದ್ದು, ಮಂಗಳೂರು ಮುಟ್ಟಲಾಗದೆ ನಮ್ಮ ಜಿಲ್ಲೆಯ ಹಲವು ರೋಗಿಗಳು ತೀರಿಕೊಂಡದ್ದು ನಿಮಗೆ ನೆನಪಿದೆ. ತುರ್ತು ಚಿಕಿತ್ಸೆಯ ವಾಹನಗಳಿಗೆ ದಾರಿ ಬಿಡಿಸಬೇಕೆಂದು ಏಪ್ರಿಲ್ 1ರಂದು ಕೇರಳ ಹೈಕೋರ್ಟು ಹೇಳಬೇಕಾಯಿತು. ಒಂದು ತಿಂಗಳಿಗೆ ಸಾಲುವಷ್ಟು ಮಾತ್ರೆ ಮನೆಯಲ್ಲಿ ಯಾವಾಗಲೂ ಹೆಚ್ಚಿಗೆ ಇರಲಿ. ಒಂದು ಪಾಲು ಮನೆಯಲ್ಲಿ, ಒಂದು ಪಾಲು ಕಿಸೆಯಲ್ಲಿ.

ಉಪವಾಸದ ಪ್ರಶ್ನೆ

ತಪಸ್ಸುಕಾಲದಲ್ಲಿ ಕೆಲವರು ನಮ್ಮನ್ನು ಇದನ್ನು ಕೇಳುತ್ತಾರೆ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸ 18 ತುಂಬಿದವರಿಂದ 59 ತುಂಬುವವರೆಗಿನ ಆರೋಗ್ಯವಂತರಿಗೆ. ಈ ಕಾಯಿಲೆಯವರು ಹೊಟ್ಟೆಗೆ ಹಾಕದೆ, ಮಾತ್ರೆ ತಪ್ಪಿಸಿ ಕುಳಿತುಕೊಳ್ಳುವುದು ಪುಣ್ಯವಲ್ಲ. ಬೇರೆ ತ್ಯಾಗಗಳು ಬೇಕಷ್ಟಿವೆ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸವನ್ನು ನೀರು ಮತ್ತು ಔಷಧಿ ಮುರಿಯುವುದಿಲ್ಲವೆಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. ರೋಗಿಗಳು ಮತ್ತು ಅವರನ್ನು ನೋಡಿಕೊಳ್ಳುವವರು ಆ ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪರಮಪ್ರಸಾದ ಸ್ವೀಕರಿಸಬಹುದು. ಬೆಳಗ್ಗಿನ ಪೂಜೆಗೆ ಬರುವವರು ಮಾತ್ರೆ ನುಂಗಿಯೇ ಬನ್ನಿ.

ಮುಚ್ಚಿಡಬೇಡಿ

ಮಗಳ ಮದುವೆಗೆ ಅಡ್ಡಿಯಾದೀತೆಂದು, ಊರಿನವರು ಏನಾದರೂ ಅಂದಾರೆಂದು ಕಾಯಿಲೆ ಮುಚ್ಚಿಡುವವರಿದ್ದಾರೆ. ಅಮೆರಿಕದ ಪ್ರಥಮ ಕಥೋಲಿಕ ಅಧ್ಯಕ್ಷ ಜಾನ್ ಕೆನಡಿಯವರಿಗೂ ಆಡಿಸನ್ ಕಾಯಿಲೆ ಇತ್ತು. 1947ರಲ್ಲಿ ಲಂಡನಿನಲ್ಲಿ ಅದು ತಿಳಿಯಿತು. 1960ರ ಚುನಾವಣೆಯಲ್ಲಿ ಅವರ ಕಡೆಯವರು ಅದನ್ನು ಅಲ್ಲಗಳೆದರು. ಆದರೆ 1954ರಲ್ಲಿ ಅವರ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ಅದು ಮೊದಲೇ ಗೊತ್ತಿತ್ತು. ಅವರು ಸ್ಟೀರಾಯ್ಡ್ ಕೊಟ್ಟುಕೊಂಡೇ ಶಸ್ತ್ರಚಿಕಿತ್ಸೆ ನಡೆಸಿದರು. ಆಮೇಲೆ ಸೋಂಕಾಗಿ ಅಭ್ಯಂಗ ಸಂಸ್ಕಾರ ಕೊಡುವ ಸ್ಥಿತಿ ಬಂದರೂ ಬದುಕಿ ಉಳಿದರು. ಲೋಕಕ್ಕೆ ಮುಚ್ಚಿಟ್ಟವರೂ ವೈದ್ಯರಿಗೆ ಮುಚ್ಚಿಡಲಿಲ್ಲ. ನೀವು ಊರಿಗೆಲ್ಲ ಹೇಳಬೇಕಾಗಿಲ್ಲ. ಮನೆಯವರಿಗೆ, ಪಕ್ಕದ ಮನೆಯ ಒಬ್ಬರಿಗೆ, ನಿಮ್ಮ ವಾಳೆಯ ಗುರಿಕಾರರಿಗೆ, ನಿಮ್ಮನ್ನು ನೋಡುವ ಪ್ರತಿಯೊಬ್ಬ ಡಾಕ್ಟರರಿಗೆ ತಿಳಿದಿರಲಿ.

ದೀನತೆ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ನಾವು ಪ್ರಸಂಗಗಳಲ್ಲಿ ಎಂದಾದರೂ ಕಲಿಸಿದ್ದರೆ, ಅದನ್ನು ಈ ವಿಷಯದಲ್ಲಿ ಹಿಂದೆ ತೆಗೆದುಕೊಳ್ಳುತ್ತೇವೆ. ಬಾರ್ತಿಮಾಯನನ್ನು ಸುಮ್ಮನಿರಿಸಲು ನೋಡಿದಷ್ಟೂ ಅವನು ಹೆಚ್ಚು ಕೂಗಿದ. ಯೇಸುಸ್ವಾಮಿ ಅವನ ಮೇಲೆ ಸಿಟ್ಟಾಗಲಿಲ್ಲ. ನಿಂತು, ಹತ್ತಿರ ಕರೆಸಿ, ಅವನಿಗೆ ಏನು ಬೇಕೆಂದು ಅವನ ಬಾಯಿಂದಲೇ ಕೇಳಿದರು. ಅವನೂ ತನಗೆ ಬೇಕಾದುದನ್ನು ನೇರವಾಗಿ ಹೇಳಿದ.

ಆ ತಾಯಿಯ ಚೀಟಿ ಈಗ ಪ್ಲಾಸ್ಟಿಕ್ ಹಾಕಿದ ಕಾರ್ಡಾಗಿದೆ. ಒಂದು ಪ್ರತಿ ಅವರ ಮನೆಯ ಬಲಿಪೀಠದ ಪಕ್ಕದಲ್ಲಿದೆ, ಇನ್ನೊಂದು ಗಂಡನ ಕಿಸೆಯಲ್ಲಿ. ಮೂರನೆಯದನ್ನು ಅವರು ನಮ್ಮ ಕೈಗೆ ಕೊಟ್ಟು, "ಫಾದರ್, ಇನ್ನೊಮ್ಮೆ ಕರೆ ಬಂದರೆ ತೈಲದೊಂದಿಗೆ ಇದನ್ನೂ ತನ್ನಿ" ಎಂದಿದ್ದಾರೆ. ನಮ್ಮ ಚೀಲದಲ್ಲಿ ಅದು ಇದೆ.

ದೇವರು ನಿಮ್ಮನ್ನೂ ನಿಮ್ಮ ಬೆಳೆಬಾಳನ್ನೂ ಆಶೀರ್ವದಿಸಲಿ.

ನಿಮ್ಮ ವಿಚಾರಣಾ ಗುರುಗಳು